ಅಜ್ಜಿಯ ಎಸೆತಕ್ಕೆ ನಾಚಬೇಕೆ?

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಎದುರಾಳಿ ತಪ್ಪು ಮಾಡಿದಾಗ ದೊರೆಯುವ ‘ಫ್ರೀ ಥ್ರೋ’ ಒಂದು ವಿಶಿಷ್ಟ ಅವಕಾಶ. ಅಡ್ಡಬರುವವರಿಲ್ಲ, ದೂರವೂ ಬದಲಾಗುವುದಿಲ್ಲ. ಹಲಗೆಯಿಂದ 15 ಅಡಿ ದೂರದ ಗೆರೆಯ ಹಿಂದೆ ನಿಂತು, 10 ಅಡಿ ಎತ್ತರದ ಬಳೆಯೊಳಕ್ಕೆ ಚೆಂಡನ್ನು ಹಾಕಬೇಕು, ಅಷ್ಟೆ. ಪ್ರಯೋಗಶಾಲೆಯಲ್ಲಿ ನಾವು ಬಯಸುವಂತಹ ಸ್ಥಿರ ಪರಿಸ್ಥಿತಿ ಇದು. ಆದರೂ ಇಲ್ಲಿ ಪ್ರಯೋಗಬುದ್ಧಿಯನ್ನು ನಾಚಿಕೆ ಸೋಲಿಸಿದೆಯೆಂದು ನಮ್ಮ ಅಭಿಪ್ರಾಯ.

ಅಮೆರಿಕದ ವೃತ್ತಿನಿರತ ಆಟಗಾರರು ಬಹುಮಟ್ಟಿಗೆ ಎಲ್ಲರೂ ತಲೆಯ ಮೇಲಿನಿಂದ ಒಂಟಿಕೈಯಲ್ಲಿ ಎಸೆಯುತ್ತಾರೆ. ರಿಕ್ ಬ್ಯಾರಿ ಹಾಗಲ್ಲ. ಈತ ಎರಡೂ ಕೈಗಳಿಂದ ಚೆಂಡನ್ನು ಹಿಡಿದು, ಮಂಡಿ ಬಾಗಿಸಿ, ತೊಡೆಗಳ ನಡುವಿನಿಂದ ಮೇಲಕ್ಕೆ ತೂಗಿ ಬಿಡುತ್ತಿದ್ದ. ಇದಕ್ಕೆ ಜನರಿತ್ತ ಗೇಲಿಯ ಹೆಸರು ‘ಅಜ್ಜಿಯ ಎಸೆತ’. 1978–79ರ ಋತುವಿನಲ್ಲಿ 169 ಎಸೆತಗಳ ಪೈಕಿ 160 ಬಳೆಯೊಳಗೆ ಬಿದ್ದುವು. 1980ರಲ್ಲಿ ನಿವೃತ್ತನಾದಾಗ ಎನ್.ಬಿ.ಎ. ಇತಿಹಾಸದಲ್ಲಿ ಆತನದೇ ಅಗ್ರಸ್ಥಾನ: ನೂರಕ್ಕೆ 90.

ಇದರಲ್ಲಿ ಮಂತ್ರವೇನೂ ಇಲ್ಲ. ಬಳೆಯ ವ್ಯಾಸ 18 ಅಂಗುಲ, ಚೆಂಡಿನದು ಸುಮಾರು 9½ ಅಂಗುಲ. ನೆಟ್ಟಗೆ ಬೀಳುವ ಚೆಂಡಿಗೆ ಬಳೆಯ ಬಾಯಿ ಪೂರ್ತಿ ತೆರೆದಿರುತ್ತದೆ; ಸಮತಲಕ್ಕೆ 45 ಡಿಗ್ರಿ ಓರೆಯಲ್ಲಿ ಬರುವ ಚೆಂಡಿನ ಪಾಲಿಗೆ ಅದು ಸುಮಾರು 12¾ ಅಂಗುಲಕ್ಕೆ ಕುಗ್ಗುತ್ತದೆ; ಓರೆ ಸುಮಾರು 32 ಡಿಗ್ರಿಗಿಂತ ಕಡಿಮೆಯಾದರೆ ಚೆಂಡು ಬಳೆಗೆ ತಾಕದೆ ಒಳಸೇರಲಾರದು. ಎತ್ತರದ ಕಮಾನು ಎರಡು ವಿಧಾನಗಳಿಗೂ ಬೇಕು. ಕೆಳಗಿನಿಂದ ಎಸೆಯುವವನು ಅದಕ್ಕಾಗಿ ಹೆಚ್ಚು ವೇಗ ಕೊಡಬೇಕು. ಇದು ನಷ್ಟವೇ ಸರಿ. ಲಾಭವಿರುವುದು ಬೇರೆ ಕಡೆ. ಎರಡು ಕೈಗಳೂ ಸಮನಾಗಿ ಹಿಡಿದಿರುವುದರಿಂದ ಚೆಂಡು ಎಡಬಲಕ್ಕೆ ಸರಿಯುವ ಸಂಭವ ಕಡಿಮೆ. ತೋಳುಗಳು ಭುಜದಿಂದ ಲೋಲಕದಂತೆ ತೂಗುವುದರಿಂದ ಮೊಣಕೈ, ಮಣಿಕಟ್ಟುಗಳ ತಪ್ಪುಗಳು ಒಂದಕ್ಕೊಂದು ಕೂಡಿಕೊಳ್ಳುವುದೂ ಕಡಿಮೆ. ಚೆಂಡು ಹಿಮ್ಮುಖವಾಗಿ ತಿರುಗುತ್ತ ಸಾಗುವುದರಿಂದ, ಬಳೆಗೆ ತಾಕಿದಾಗ ಘರ್ಷಣೆಯು ಅದರ ಮುನ್ನುಗ್ಗುವ ವೇಗವನ್ನು ತಗ್ಗಿಸುತ್ತದೆ.

ಇನ್ನು ವಿಲ್ಟ್ ಚೇಂಬರ್ಲಿನ್‌ನ ಕಥೆ. 1960–61ರಲ್ಲಿ ಈ ಮಹಾಕಾಯನ ಯಶಸ್ಸು ನೂರಕ್ಕೆ 50.4. ಮರುವರ್ಷ ಕೆಳಗಿನಿಂದ ಎಸೆಯತೊಡಗಿದಾಗ ಅದು 61.3ಕ್ಕೆ ಏರಿತು. 1962ರ ಮಾರ್ಚ್ 2ರಂದು ಹರ್ಷಿ ಪಟ್ಟಣದಲ್ಲಿ ಆತ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದಾಗ, 32 ಫ್ರೀ ಥ್ರೋಗಳಲ್ಲಿ 28 ಸಫಲವಾದುವು. ಆದರೂ ಮುಂದೆ ಆ ವಿಧಾನವನ್ನು ಕೈಬಿಟ್ಟ. 1967–68ರಲ್ಲಿ ಯಶಸ್ಸು 38ಕ್ಕೆ ಇಳಿಯಿತು. ಕೈಬಿಟ್ಟುದು ತಪ್ಪೆಂದೂ, ಅದು ಗಂಡಸುತನಕ್ಕೆ ಕುಂದೆಂಬ ಸಂಕೋಚವೇ ಕಾರಣವೆಂದೂ ಮುಂದೆ ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ.

ಒಬ್ಬನ ಒಂದು ಋತುವಿನ ಅಂಕಿಗಳಿಂದ ಸಿದ್ಧಾಂತ ಸ್ಥಾಪಿತವಾಗದೆಂಬ ಆಕ್ಷೇಪ ನ್ಯಾಯವಾದುದು. ಮೇಲಿನಿಂದ ಎಸೆದೇ ನೂರಕ್ಕೆ 90ನ್ನು ಮೀರಿದ ಸ್ಟೀವ್ ನ್ಯಾಷ್, ಸ್ಟೀಫನ್ ಕರಿ ಅವರಂತಹವರೂ ಉಂಟು, ಅವರು ಬದಲಾಗಬೇಕಾದುದಿಲ್ಲ. ಆದರೆ ಅರ್ಧದಷ್ಟು ಎಸೆತಗಳನ್ನು ವ್ಯರ್ಥಗೊಳಿಸುವವನಿಗೆ ಕಳೆದುಕೊಳ್ಳಲು ಏನಿದೆ? 2016ರಲ್ಲಿ ಚಿನಾನು ಒನುವಾಕುವಿನಂತಹ ಕೆಲವರು ಮಾತ್ರ ಧೈರ್ಯಮಾಡಿದರು. ಪ್ರಯೋಗಿಸಿ ನೋಡಿ ತಿರಸ್ಕರಿಸುವುದು ವಿಜ್ಞಾನ. ನೋಡುವವರು ನಕ್ಕಾರೆಂದು ಪ್ರಯೋಗಿಸದಿರುವುದು ಅಂಜುಬುರುಕುತನ.

ವಿದ್ಯಾರ್ಥಿ ಮಿತ್ರರು ನಮ್ಮ ಮಾತನ್ನೂ ಹಾಗೆಯೇ ನಂಬಬೇಕಾಗಿಲ್ಲ. ನಿಮ್ಮ ಕಾಲೇಜಿನ ಮೈದಾನದಲ್ಲಿ ಒಂದು ತಿಂಗಳು, ದಿನ ಬಿಟ್ಟು ದಿನ, ಒಂದೊಂದು ವಿಧಾನದಲ್ಲಿ ಐವತ್ತು ಎಸೆತಗಳನ್ನು ಎಸೆಯಿರಿ. ಒಳಸೇರಿದುವೆಷ್ಟು, ಎಡಬಲಕ್ಕೆ ಹೋದುವೆಷ್ಟು, ಮುಂದೆ ಹಿಂದೆ ಬಿದ್ದುವೆಷ್ಟು ಎಂಬುದನ್ನು ಬರೆದಿಡಿರಿ. ಕೊನೆಯ ವಾರದ ಅಂಕಿಗಳನ್ನು ಹೋಲಿಸಿ ನೋಡಿರಿ. ಗೆಲುವು ಯಾವ ವಿಧಾನಕ್ಕೆ ಬಂದರೂ ಅದನ್ನು ನಾಚಿಕೆಯಿಲ್ಲದೆ ಸ್ವೀಕರಿಸಿರಿ.