ಸ್ಕ್ಯಾನರ್ ಹೇಳಿತು ಎಂಬ ನೆಪ

‘ಕಂಪ್ಯೂಟರೇ ಹೇಳ್ತಿದೆ ಸಾರ್, ಸೆನ್ಸರ್ ಹೋಗಿದೆ.’ ಹಳೆಯ ಕಾರು ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತಿದು. ಇಷ್ಟು ಹೇಳಿಬಿಟ್ಟರೆ ಎದುರಾಡುವವರಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಕಂಪ್ಯೂಟರ್ ಹಾಗೆ ಹೇಳಿರುವುದೇ ಇಲ್ಲ.

ಡ್ಯಾಶ್‌ಬೋರ್ಡಿನ ಮೇಲೆ ಹಳದಿ ಇಂಜಿನ್ ಚಿತ್ರ ಹೊತ್ತಿಕೊಂಡಾಗ ಒಳಗೊಂದು ಕೋಡ್ ದಾಖಲಾಗಿರುತ್ತದೆ. ಪಿ0301 ಎಂದರೆ ಒಂದನೇ ಸಿಲಿಂಡರ್ ‘ಮಿಸ್’ ಹೊಡೆಯುತ್ತಿದೆ. ಪಿ0171 ಎಂದರೆ ಒಳಬರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಕೋಡು ಹೇಳುವುದು ಅಷ್ಟನ್ನೇ. ಯಾಕೆ ಹಾಗಾಗಿದೆ ಎಂಬುದು ಅದರಲ್ಲಿಲ್ಲ. ಜ್ವರ 102 ಎಂದು ಥರ್ಮಾಮೀಟರ್ ತೋರಿಸಿದರೆ ಅದು ಮಲೇರಿಯಾವೋ ಟೈಫಾಯಿಡೋ ಎಂದು ಥರ್ಮಾಮೀಟರನ್ನು ಕೇಳುವವರುಂಟೆ?

ನಮ್ಮಪ್ಪ ಸಂತೆಯಿಂದ ಸಂತೆಗೆ ಬಟ್ಟೆ ಒಯ್ದು ಮಾರುವವರು. 2012ರ ಸಣ್ಣ ಕಾರಿನ ಹಿಂದಿನ ಸೀಟು ಮಡಚಿದರೆ ಅದೇ ಅವರ ಅಂಗಡಿ. ಕಳೆದ ವರ್ಷ ಆ ಕಾರು ನಿಂತಲ್ಲೇ ನಡುಗತೊಡಗಿತು. ಸಿಗ್ನಲ್ಲಿನಲ್ಲಿ ನಿಂತರೆ ಸ್ಟೇರಿಂಗ್ ಹಿಡಿದ ಕೈಯೂ ಅದುರುತ್ತಿತ್ತು. ಸರ್ವಿಸ್ ಸೆಂಟರೊಂದರಲ್ಲಿ ಸ್ಕ್ಯಾನ್ ಮಾಡಿದಾಗ ಮೇಲಿನ ಎರಡೂ ಕೋಡ್ ಸಿಕ್ಕವು. ಅವರು ಆಕ್ಸಿಜನ್ ಸೆನ್ಸರ್ ಬದಲಾಯಿಸಿ 6,800 ರೂಪಾಯಿ ಬಿಲ್ ಕೊಟ್ಟರು. ಮೂರನೇ ದಿನ ಲೈಟ್ ಮತ್ತೆ ಹೊತ್ತಿತು. ಹೋಗಿ ಕೇಳಿದರೆ, ಇನ್ನು ಥ್ರಾಟಲ್ ಬಾಡಿ ಹೊಸದು ಹಾಕಿ ನೋಡೋಣ ಎಂಬ ಉತ್ತರ. ಹಾಕಿ ನೋಡುವುದು ಯಾರ ದುಡ್ಡಿನಲ್ಲಿ?

ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಪೆಟ್ರೋಲ್ ಉರಿಯುವುದಿಲ್ಲ, ಆ ಸರದಿಯ ಆಮ್ಲಜನಕವೂ ಖರ್ಚಾಗುವುದಿಲ್ಲ. ಅದು ಹಾಗೇ ಹೊಗೆ ಕೊಳವೆಗೆ ಬರುತ್ತದೆ. ಅಲ್ಲಿ ಕೂತಿರುವ ಸೆನ್ಸರ್ ‘ಆಮ್ಲಜನಕ ಹೆಚ್ಚಿದೆ’ ಎಂದು ವರದಿ ಮಾಡುತ್ತದೆ. ಇಂಜಿನ್ನಿನ ಕಂಪ್ಯೂಟರ್ ಅದನ್ನು ‘ಪೆಟ್ರೋಲ್ ಕಡಿಮೆಯಾಗಿದೆ’ ಎಂದು ಅರ್ಥ ಮಾಡಿಕೊಳ್ಳುತ್ತದೆ. ಅಂದರೆ ಇಡೀ ಇಂಜಿನ್ನಿನಲ್ಲಿ ನಿಜ ಹೇಳುತ್ತಿದ್ದ ಭಾಗವನ್ನೇ ಕಿತ್ತು ಬಿಸಾಡಿದ್ದರು. ದೂತನನ್ನು ಕೊಲ್ಲಬಾರದೆಂದು ವಿಭೀಷಣ ಲಂಕೆಯ ಸಭೆಯಲ್ಲೇ ಹೇಳಿದ್ದ. ಆ ಮಾತು ನಮ್ಮ ಗ್ಯಾರೇಜುಗಳನ್ನು ಇನ್ನೂ ತಲುಪಿಲ್ಲ.

ಕೊನೆಗೆ ಅದನ್ನು ಪತ್ತೆ ಮಾಡಿದ್ದು ನಮ್ಮೂರಿನ ಒಬ್ಬ ಮೆಕ್ಯಾನಿಕ್. ಅವರು ಒಂದನೇ ಸಿಲಿಂಡರಿನ ಇಗ್ನಿಶನ್ ಕಾಯಿಲ್ ಬಿಚ್ಚಿ ಎರಡನೆಯದಕ್ಕೆ ಹಾಕಿದರು, ಎರಡನೆಯದನ್ನು ಒಂದಕ್ಕೆ. ಕೋಡ್ ಅಳಿಸಿ ಒಂದು ಸುತ್ತು ಓಡಿಸಿ ಬಂದರು. ಈಗ ಬಂದದ್ದು ಪಿ0302. ದೋಷ ಕಾಯಿಲಿನ ಜೊತೆಗೇ ಜಾಗ ಬದಲಿಸಿತ್ತು. ಒಂದರಲ್ಲೇ ಉಳಿದಿದ್ದರೆ ಪ್ಲಗ್ಗು, ಇಂಜೆಕ್ಟರು, ಕಂಪ್ರೆಶನ್ ಎಂದು ಹುಡುಕಬೇಕಿತ್ತು. ಒಂದೂ ಹೊಸ ಭಾಗ ಬೇಕಿಲ್ಲದ ಪರೀಕ್ಷೆ ಅದು. ನನ್ನ ಸಂಶೋಧನೆ ಹಸ್ತಪ್ರತಿಗಳ ಮೇಲೆ. ಅರ್ಥವಾಗದ ಪದ ಕಂಡ ಕೂಡಲೇ ಅದನ್ನು ಹೊಡೆದು ಹಾಕಿ ನನಗೆ ತೋಚಿದ್ದನ್ನು ಬರೆದರೆ ಮಾರ್ಗದರ್ಶಕರು ನನ್ನನ್ನು ಹೊರಗೆ ಕಳಿಸುತ್ತಾರೆ. ಬೇರೆ ಪ್ರತಿಗಳಲ್ಲಿ ಏನಿದೆ, ನೋಡಿದೆಯಾ ಎಂದು ಕೇಳುತ್ತಾರೆ. ಆ ಮೆಕ್ಯಾನಿಕ್ ಮಾಡಿದ್ದು ಅದನ್ನೇ.

ಈ ಕಥೆ ಹೇಳಿದರೆ ಸಾಹಿತ್ಯದ ಗೆಳೆಯರು ನಿಟ್ಟುಸಿರು ಬಿಡುತ್ತಾರೆ: ಕಾರ್ಬೊರೇಟರ್ ಕಾಲವೇ ಚೆನ್ನಾಗಿತ್ತು, ಕಿವಿಗೊಟ್ಟು ಕೇಳಿಯೇ ರಿಪೇರಿ ಮಾಡುತ್ತಿದ್ದರು, ಯಂತ್ರ ಮನುಷ್ಯನ ಕೈ ಕಸಿಯಿತು, ಇತ್ಯಾದಿ. ಈ ಹಳಹಳಿಕೆಯನ್ನೂ ನಾನು ಒಪ್ಪುವುದಿಲ್ಲ. ಕಿವಿಗೆ ಸಿಗದ ಎಷ್ಟೋ ಸಾಕ್ಷ್ಯ ಸ್ಕ್ಯಾನರಿನಲ್ಲಿ ಸಿಗುತ್ತದೆ. ಕಂಪ್ಯೂಟರ್ ಎಷ್ಟು ಶೇಕಡಾ ಪೆಟ್ರೋಲನ್ನು ಹೆಚ್ಚುವರಿಯಾಗಿ ಸೇರಿಸುತ್ತಿದೆ ಎಂಬ ‘ಫ್ಯೂಯೆಲ್ ಟ್ರಿಮ್’ ಅಂಕಿಯನ್ನೇ ನೋಡಿ. ಐಡ್ಲಿಂಗಿನಲ್ಲಿ ಅದು ಶೇ. 20 ದಾಟಿದ್ದು, 2,500 ಆರ್‌ಪಿಎಂಗೆ ರೇಸ್ ಕೊಟ್ಟಾಗ ಸಹಜಕ್ಕೆ ಇಳಿದರೆ ಎಲ್ಲೋ ರಬ್ಬರ್ ಪೈಪ್ ಬಿರುಕುಬಿಟ್ಟು ಗಾಳಿ ಕದ್ದು ಒಳನುಗ್ಗುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಐಡ್ಲಿಂಗಿನಲ್ಲಿ ಇಂಜಿನ್ ಉಸಿರಾಡುವುದೇ ಸ್ವಲ್ಪ, ಹಾಗಾಗಿ ಸಣ್ಣ ಸೋರಿಕೆಯೂ ಅಲ್ಲಿ ದೊಡ್ಡದು. ರೇಸ್ ಕೊಟ್ಟಷ್ಟೂ ಅಂಕಿ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರುಗಳ ಕಡೆ ನೋಡಬೇಕು. ಸಾವಿರ ರೂಪಾಯಿಯೊಳಗಿನ ಬ್ಲೂಟೂತ್ ಸ್ಕ್ಯಾನರೂ ಇದನ್ನು ಮೊಬೈಲಿನಲ್ಲಿ ತೋರಿಸುತ್ತದೆ. ಇಷ್ಟೆಲ್ಲ ಇದ್ದೂ ಕೋಡಿನ ಒಂದೇ ಸಾಲು ಓದಿ ಪುಸ್ತಕ ಮುಚ್ಚುವವರಿದ್ದರೆ ಅದು ಯಂತ್ರದ ತಪ್ಪಲ್ಲ.

ಹಾಗಾದರೆ ಯಾಕೆ ಓದುವುದಿಲ್ಲ? ಬಿಲ್ ನೋಡಿ. ಅದರಲ್ಲಿ ಭಾಗಕ್ಕೆ ದುಡ್ಡಿದೆ, ಭಾಗ ಕೂರಿಸಿದ ಕೂಲಿಗೆ ದುಡ್ಡಿದೆ. ಯೋಚಿಸಿದ್ದಕ್ಕೆ ಕಾಸಿಲ್ಲ. ಅರ್ಧ ದಿನ ಕೂತು ಬಿರುಕುಬಿಟ್ಟ ಪೈಪ್ ಹುಡುಕಿದವನಿಗಿಂತ ಐದು ನಿಮಿಷದಲ್ಲಿ ಸೆನ್ಸರ್ ಬದಲಿಸಿದವನಿಗೇ ಲಾಭ. ಗಿರಾಕಿಗಳಾದ ನಾವೇನು ಕಮ್ಮಿ? ಆ ಮೆಕ್ಯಾನಿಕ್ ಪರೀಕ್ಷೆಗೆಂದು 300 ರೂಪಾಯಿ ಕೇಳಿದಾಗ, ‘ಬರೀ ಅದಲುಬದಲು ಮಾಡಿದ್ದಕ್ಕೆ ಇಷ್ಟಾ?’ ಎಂದದ್ದು 6,800 ತೆತ್ತು ಬಂದಿದ್ದ ನಮ್ಮಪ್ಪನೇ.

ಇದಕ್ಕಿಂತ ಕೆಟ್ಟದ್ದು ಲೈಟ್ ಆರಿಸುವ ದಂಧೆ. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಮುನ್ನ ಕೋಡ್ ಅಳಿಸಿದರೆ ಮುಗಿಯಿತು, ಲೈಟ್ ಮತ್ತೆ ಹೊತ್ತುವಷ್ಟರಲ್ಲಿ ದುಡ್ಡು ಕೈ ಬದಲಿಸಿರುತ್ತದೆ. ಆ ಲೈಟ್ ಮಿನುಗತೊಡಗಿದರೆ ಕಾರನ್ನು ಬದಿಗೆ ನಿಲ್ಲಿಸಲೇಬೇಕು. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ. ಸೆನ್ಸರಿಗಿಂತ ಎಷ್ಟೋ ದುಬಾರಿ ಅದು. ಕಾರು ಕೊಂಡವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಮುಂದಿನ ಸಲ ಯಾರಾದರೂ ‘ಸ್ಕ್ಯಾನರ್ ಹೇಳಿದೆ’ ಎಂದರೆ, ಭಾಗ ಹಾಳಾಗಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಕೇಳಿ. ಉತ್ತರ ಬಂದರೆ ಆ ಪರೀಕ್ಷೆಗೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಹಾಕಿಸಿ, ಚೌಕಾಸಿ ಮಾಡದೆ ದುಡ್ಡು ಕೊಡಿ. ಉತ್ತರ ಬಾರದಿದ್ದರೆ ಕೀ ವಾಪಸ್ ಇಸಿದುಕೊಂಡು ಹೊರಡಿ.