ಆತಂಕ ಬರೀ ರೈಲಿಯದೇ?

ಪಿಕ್ಸಾರ್‌ನ ‘ಇನ್‌ಸೈಡ್ ಔಟ್ 2’ ಚಿತ್ರದಲ್ಲಿ ಆತಂಕ ಮೊದಲ ಸಲ ಕಾಣಿಸಿಕೊಳ್ಳುವುದು ಕೈತುಂಬ ಲಗೇಜು ಹೊತ್ತುಕೊಂಡು. ಕಿತ್ತಳೆ ಬಣ್ಣದ ಮೈ, ನೆಟ್ಟಗೆ ನಿಂತ ಕೂದಲು, ಒಂದು ಕಡೆ ನಿಲ್ಲಲಾಗದ ಚಡಪಡಿಕೆ. 13 ವರ್ಷದ ರೈಲಿಯ ತಲೆಯೊಳಗೆ ಅಲ್ಲಿಯವರೆಗೆ ಖುಷಿ, ದುಃಖ, ಸಿಟ್ಟು, ಭಯ, ಅಸಹ್ಯ ಎಂಬ ಐವರದೇ ಸಂಸಾರ. ಹೊಸಬಳು ಬಂದವಳೇ ತನ್ನ ಕೆಲಸವನ್ನು ವಿವರಿಸುತ್ತಾಳೆ. ಕಣ್ಣಿಗೆ ಕಾಣುವ ಅಪಾಯವನ್ನು ಭಯ ನೋಡಿಕೊಳ್ಳುತ್ತಾನೆ, ಇನ್ನೂ ಕಾಣಿಸದೇ ಇರುವುದನ್ನು ತಾನು ನೋಡಿಕೊಳ್ಳುತ್ತೇನೆ ಅಂತ. ಆತಂಕ ಅಂದರೆ ಏನು ಅಂತ ಮಕ್ಕಳಿಗೆ ಹೇಳುವುದಕ್ಕೆ ಇದಕ್ಕಿಂತ ಸರಳವಾದ ದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಲ್ಸಿ ಮ್ಯಾನ್ ನಿರ್ದೇಶಿಸಿದ ಈ ಚಿತ್ರ 2024ರಲ್ಲಿ ಜಗತ್ತಿನಾದ್ಯಂತ 160 ಕೋಟಿ ಡಾಲರಿಗೂ ಮೀರಿ ಗಳಿಸಿತು. ಮಕ್ಕಳನ್ನು ಕರೆದುಕೊಂಡು ಹೋದ ದೊಡ್ಡವರೇ ಕಣ್ಣೊರೆಸಿಕೊಂಡು ಹೊರಬಂದರು. ಅದಕ್ಕೆ ಕಾರಣ ಇದೆ. ಇಲ್ಲಿ ಆತಂಕ ರಾಕ್ಷಸಿಯಲ್ಲ. ಅವಳಿಗೆ ರೈಲಿಯ ಮೇಲೆ ನಿಜವಾದ ಪ್ರೀತಿ ಇದೆ, ಹುಡುಗಿಗೆ ಒಳ್ಳೆಯದಾಗಲಿ ಅಂತಲೇ ಅವಳು ನಿದ್ದೆಗೆಡುತ್ತಾಳೆ. ರೈಲಿ ಹೋದ ಹಾಕಿ ಆಯ್ಕೆ ಶಿಬಿರದ ರಾತ್ರಿ ಅವಳು ಮಾಡುವುದನ್ನು ಗಮನಿಸಿ. ರೈಲಿಯ ಕಲ್ಪನಾಲೋಕದಲ್ಲಿ ಚಿತ್ರ ಬರೆಯುವವರನ್ನೆಲ್ಲ ಸಾಲಾಗಿ ಮೇಜಿಗೆ ಕೂರಿಸಿ, ನಾಳೆ ಏನೇನು ಕೆಡಬಹುದು ಅನ್ನುವುದನ್ನೇ ಒಂದಾದ ಮೇಲೊಂದು ಬರೆಸುತ್ತಾಳೆ. ಗೋಲು ತಪ್ಪಿದ್ದು, ಗೆಳತಿಯರು ದೂರವಾದದ್ದು, ಯಾರೂ ಹತ್ತಿರ ಸೇರಿಸದೇ ಇರುವುದು. ಇತ್ತ ಹುಡುಗಿ ಹಾಸಿಗೆಯಲ್ಲಿ ಹೊರಳಾಡುತ್ತಾಳೆ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗಿದ ಯಾವ ಮಗುವಿಗೂ ಈ ಕಚೇರಿ ಗೊತ್ತು.

ಅದಕ್ಕಿಂತ ದೊಡ್ಡ ದೃಶ್ಯ ಕೊನೆಯಲ್ಲಿದೆ. ಆಟದ ಭರದಲ್ಲಿ ರೈಲಿ ತನ್ನ ಗೆಳತಿ ಗ್ರೇಸ್‌ಳನ್ನೇ ಕೆಡವುತ್ತಾಳೆ, ಶಿಕ್ಷೆಯಾಗಿ ಎರಡು ನಿಮಿಷ ಅಂಕಣದಿಂದ ಹೊರಗೆ ಕೂರಬೇಕಾಗುತ್ತದೆ. ಎದೆ ಡವಗುಟ್ಟುತ್ತದೆ, ಉಸಿರು ಸಿಗುವುದಿಲ್ಲ. ತಲೆಯೊಳಗೆ ಆತಂಕ ಸುಂಟರಗಾಳಿಯ ಹಾಗೆ ನಿಯಂತ್ರಣ ಫಲಕವನ್ನು ಸುತ್ತುತ್ತಿದ್ದಾಳೆ. ಆ ಸುಳಿಯೊಳಗೆ ಹೊಕ್ಕು ನೋಡಿದರೆ ಅವಳು ಕಲ್ಲಿನ ಹಾಗೆ ನಿಂತಿದ್ದಾಳೆ, ಕಣ್ಣಲ್ಲಿ ನೀರು, ಕೈ ತೆಗೆಯುವುದು ಹೇಗೆಂದೇ ಅವಳಿಗೆ ತಿಳಿಯದು. ‘ಸುಮ್ಮನೆ ಯೋಚನೆ ಮಾಡಬೇಡ’ ಅಂತ ಹೇಳುವುದು ಎಷ್ಟು ಕೆಲಸಕ್ಕೆ ಬಾರದ ಮಾತು ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇಷ್ಟೆಲ್ಲ ಮೆಚ್ಚಿಕೊಂಡರೂ ನನ್ನದೊಂದು ತಕರಾರಿದೆ. ರೈಲಿಯ ಅಪ್ಪ ಅಮ್ಮ ಅವಳನ್ನು ಶಿಬಿರಕ್ಕೆ ಬಿಟ್ಟು ಹೋಗುತ್ತಾರೆ, ಅಲ್ಲಿಗೆ ಕಥೆಯಿಂದಲೂ ಹೆಚ್ಚುಕಡಿಮೆ ಹೋಗಿಬಿಡುತ್ತಾರೆ. ಆತಂಕ ಹುಟ್ಟಿದ್ದೂ ಅವಳ ತಲೆಯಲ್ಲೇ, ಬೆಳೆದದ್ದೂ ಅಲ್ಲೇ, ತಣ್ಣಗಾದದ್ದೂ ಅಲ್ಲೇ. ಮೂರೇ ದಿನದಲ್ಲಿ ಒಬ್ಬ ಹುಡುಗಿಯ ಬದುಕು ತೀರ್ಮಾನವಾಗಿಬಿಡುತ್ತದೆ ಅನ್ನುವಂಥ ಆಯ್ಕೆ ಪದ್ಧತಿಯನ್ನು ಕಟ್ಟಿದವರು ದೊಡ್ಡವರು. ಕೋಚ್‌ನ ಪುಸ್ತಕದಲ್ಲಿ ತನ್ನ ಬಗ್ಗೆ ಏನು ಬರೆದಿದೆ ಅಂತ ರೈಲಿ ರಾತ್ರಿ ಕದ್ದು ನೋಡುವ ಸ್ಥಿತಿ ಬಂದದ್ದು ಹೇಗೆ ಅಂತ ಚಿತ್ರ ಕೇಳುವುದೇ ಇಲ್ಲ. ಹುಡುಗಿ ತನ್ನ ಮನಸ್ಸನ್ನು ತಾನೇ ಸರಿಮಾಡಿಕೊಂಡರೆ ಮುಗಿಯಿತು.

ಪಿಕ್ಸಾರ್ ಒಂದು ಕಾಲದಲ್ಲಿ ಇದನ್ನು ಬೇರೆ ರೀತಿ ಹೇಳಿತ್ತು. 2003ರ ‘ಫೈಂಡಿಂಗ್ ನೀಮೊ’ ನೆನಪಿಸಿಕೊಳ್ಳಿ. ಅಲ್ಲಿ ಆತಂಕ ಇರುವುದು ಅಪ್ಪ ಮೀನಿಗೆ. ಹೆಂಡತಿಯೂ ನೂರಾರು ಮೊಟ್ಟೆಗಳೂ ಒಂದೇ ಏಟಿಗೆ ಹೋಗಿ, ಉಳಿದ ಒಂದೇ ಮೊಟ್ಟೆಯಿಂದ ಬಂದ ಮಗ ನೀಮೊ. ಅವನ ಒಂದು ರೆಕ್ಕೆ ಚಿಕ್ಕದು. ಶಾಲೆಯ ಮೊದಲ ದಿನ ಅಪ್ಪ ಮಾರ್ಲಿನ್ ಮನೆಯಿಂದ ತಲೆ ಹೊರಗೆ ಹಾಕುತ್ತಾನೆ, ಒಳಗೆ ಎಳೆದುಕೊಳ್ಳುತ್ತಾನೆ, ಮತ್ತೆ ಹಾಕುತ್ತಾನೆ. ಗೆಳೆಯರ ಎದುರೇ ‘ನಿನಗೆ ಸರಿಯಾಗಿ ಈಜಲು ಬರುವುದಿಲ್ಲ’ ಅನ್ನುತ್ತಾನೆ. ಆ ಮಾತು ಕೇಳಿಯೇ ಹುಡುಗ ಹಟಕ್ಕೆ ಬಿದ್ದು ದೋಣಿಯ ಕಡೆ ಈಜಿ ಸಿಕ್ಕಿಬೀಳುವುದು. ನಿರ್ದೇಶಕ ಆ್ಯಂಡ್ರೂ ಸ್ಟ್ಯಾಂಟನ್ ತನ್ನ ಮಗನ ವಿಷಯದಲ್ಲಿ ತಾನೇ ಹೀಗೆ ವರ್ತಿಸುತ್ತಿದ್ದುದರಿಂದ ಈ ಕಥೆ ಹುಟ್ಟಿತು ಅಂತ ಹೇಳಿಕೊಂಡಿದ್ದಾನೆ. ಕೊನೆಗೆ ಬಲೆಗೆ ಬಿದ್ದ ಮೀನುಗಳ ಮಧ್ಯೆ ಹೋಗುತ್ತೇನೆ ಅಂತ ನೀಮೊ ಹೇಳಿದಾಗ ಬದಲಾಗಬೇಕಾದವನು ಮಗ ಅಲ್ಲ, ಅಪ್ಪ.

2022ರ ‘ಟರ್ನಿಂಗ್ ರೆಡ್’ ಇನ್ನೂ ಒಂದು ತಲೆಮಾರು ಹಿಂದೆ ಹೋಗುತ್ತದೆ. 2002ರ ಟೊರಾಂಟೊ, 13 ವರ್ಷದ ಮೇ ಲೀ, ಸಿಟ್ಟು ಬಂದರೆ, ನಾಚಿಕೆಯಾದರೆ ದೊಡ್ಡ ಕೆಂಪು ಪಾಂಡಾ ಆಗಿಬಿಡುವ ಹುಡುಗಿ. ಅವಳ ಅಮ್ಮ ಮಿಂಗ್ ಶಾಲೆಯ ಮರದ ಮರೆಯಲ್ಲಿ ನಿಂತು ಮಗಳನ್ನು ಕಾಯುತ್ತಾಳೆ, ಮಗಳಿಗೆ ಮುಟ್ಟಾಗಿದೆ ಅಂದುಕೊಂಡು ಇಡೀ ತರಗತಿಗೆ ಕಾಣುವಂತೆ ಪ್ಯಾಡ್ ಎತ್ತಿ ಹಿಡಿಯುತ್ತಾಳೆ. ನೋಡುವವರಿಗೆ ನಗು, ಮಗಳಿಗೆ ಭೂಮಿ ಬಾಯಿಬಿಡಬಾರದೆ ಅನಿಸುತ್ತದೆ. ಆದರೆ ನಿರ್ದೇಶಕಿ ಡೊಮೀ ಶಿ ಅಮ್ಮನನ್ನು ನಗೆಪಾಟಲು ಮಾಡಿ ಬಿಡುವುದಿಲ್ಲ. ಬಿದಿರಿನ ಕಾಡಿನಲ್ಲಿ ಮೇ ಒಬ್ಬ ಅಳುತ್ತಿರುವ ಹುಡುಗಿಯನ್ನು ಕಾಣುತ್ತಾಳೆ. ಅದು ಹದಿಹರೆಯದ ಮಿಂಗ್. ತನ್ನ ಅಮ್ಮನಿಗೆ ತಾನು ಎಂದೂ ಸಾಲದಾದೆ ಅಂತ ಅಳುತ್ತಿದ್ದಾಳೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಒಡವೆಯ ಹಾಗೆ ಬಂದದ್ದು ಈ ಹೆದರಿಕೆಯೂ ಹೌದು.

ಜಪಾನಿನ ಹಯಾವೊ ಮಿಯಾಜಾಕಿ 1989ರಲ್ಲೇ ಮಾಡಿದ ‘ಕಿಕೀಸ್ ಡೆಲಿವರಿ ಸರ್ವಿಸ್’ ಕೂಡ ಇಲ್ಲಿ ನೆನಪಾಗಬೇಕು. ಮನೆ ಬಿಟ್ಟು ಹೊಸ ಊರಿನಲ್ಲಿ ದುಡಿಯುವ ಮಾಟಗಾತಿ ಹುಡುಗಿಗೆ ಒಂದು ದಿನ ಹಾರಲು ಬರದೇ ಹೋಗುತ್ತದೆ. ಯಾರೂ ಅವಳನ್ನು ಗದರಿಸುವುದಿಲ್ಲ. ಕಾಡಿನಲ್ಲಿ ಮನೆ ಮಾಡಿಕೊಂಡ ಚಿತ್ರಕಲಾವಿದೆ ಉರ್ಸುಲಾ ಅವಳನ್ನು ಕರೆದುಕೊಂಡು ಹೋಗಿ, ತನಗೂ ಕೈ ಓಡದ ಕಾಲ ಇತ್ತು, ಆಗ ಬರೆಯುವುದನ್ನೇ ನಿಲ್ಲಿಸಿ ಅಡ್ಡಾಡಿಕೊಂಡು, ಮಲಗಿಕೊಂಡು ಇದ್ದೆ ಅನ್ನುತ್ತಾಳೆ. ದೊಡ್ಡವಳೊಬ್ಬಳು ತನ್ನ ಸೋಲಿನ ಕಾಲವನ್ನು ಚಿಕ್ಕವಳಿಗೆ ಬಿಚ್ಚಿ ಹೇಳುವುದು ನಮ್ಮ ಮನೆಗಳಲ್ಲಿ ಎಷ್ಟು ಅಪರೂಪ!

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ಮೊದಲು ಕೈ ನಡುಗುವುದು ಯಾರದು? ಪಕ್ಕದ ಮನೆಯ ಹುಡುಗನ ಅಂಕ ಕೇಳುವವರು ಯಾರು? ಆ ಕಿತ್ತಳೆ ಬಣ್ಣದ ಹುಡುಗಿ ಲಗೇಜು ಹೊತ್ತುಕೊಂಡು ಬಂದದ್ದು ಎಲ್ಲಿಂದ ಅಂತ ಕೇಳಿದರೆ, ಅರ್ಧ ಸಾಮಾನಿನ ಮೇಲೆ ನಮ್ಮದೇ ವಿಳಾಸ ಇರುತ್ತದೆ. ಮೂರನೆಯ ‘ಇನ್‌ಸೈಡ್ ಔಟ್’ ಬರುವುದಾದರೆ ಅದು ರೈಲಿಯ ಅಮ್ಮನ ತಲೆಯೊಳಗೆ ನಡೆಯಲಿ ಅಂತ ನನ್ನ ಆಸೆ. ಅಲ್ಲಿಯವರೆಗೆ ‘ನೀಮೊ’ ಇದ್ದೇ ಇದೆ. ರಜೆಯಲ್ಲಿ ಮಕ್ಕಳಿಗೆ ಅದನ್ನು ಹಾಕಿಕೊಟ್ಟು ಎದ್ದು ಹೋಗಬೇಡಿ. ಫೋನು ಕೆಳಗಿಟ್ಟು ಪಕ್ಕದಲ್ಲೇ ಕೂತು, ಶಾಲೆಯ ಮೊದಲ ದಿನದ ಆ ಅಪ್ಪನನ್ನು ನೋಡಿ.