ಬಿಲ್ಲಿಗೆ ಬಿಸಿಲಿನ ಲೆಕ್ಕ ಗೊತ್ತಿಲ್ಲ!

ಮೀಟರ್ ಓದುವವನು ಬಂದು ಹೋದ ದಿನ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಓಣಿಗಳಲ್ಲಿ ಒಂದೇ ಮಾತು: “ನಿಮ್ದು ಎಷ್ಟ್ ಬಂದೈತ್ರಿ?” ಒಬ್ಬರ ಮನೆಗೆ ಸೊನ್ನೆ, ಗೋಡೆಗೆ ಹೊಂದಿಕೊಂಡ ಮತ್ತೊಬ್ಬರ ಮನೆಗೆ ಮುನ್ನೂರು. ಮರುದಿನ ಗ್ಯಾಸ್ ಸಿಲಿಂಡರ್ ಬಂದರೆ ಅದಕ್ಕೆ ಬೇರೆ ರೊಕ್ಕ ಎಣಿಸಬೇಕು. ತಿಂಗಳ ಈ ಎರಡು ಖರ್ಚು ನ್ಯಾಯವೋ ಅನ್ಯಾಯವೋ ಎಂಬುದನ್ನು ಪಕ್ಕದ ಮನೆಯ ಬಿಲ್ ನೋಡಿ ಅಳೆಯುವುದೇ ರೂಢಿಯಾಗಿದೆ. ಅಳೆಯುವ ಕೋಲು ಅದಲ್ಲ.

ಮೊದಲು ಕರೆಂಟಿನ ಮಾತು. 2024ರ ಮಾರ್ಚ್‌ವರೆಗೆ ತಿಂಗಳಿಗೆ 100 ಯೂನಿಟ್‌ವರೆಗೆ ಸುಡುವ ಮನೆಗೆ ಯೂನಿಟ್‌ಗೆ 4 ರೂ. 75 ಪೈಸೆ, ಅದನ್ನು ದಾಟಿದವರಿಗೆ 7 ರೂಪಾಯಿ ಇತ್ತು. ವಿದ್ಯುತ್ ನಿಯಂತ್ರಣ ಆಯೋಗ 2024ರ ಏಪ್ರಿಲ್‌ನಿಂದ ಈ ಹಂತಗಳನ್ನು ತೆಗೆದು ಎಲ್ಲರಿಗೂ 5 ರೂ. 90 ಪೈಸೆ ಮಾಡಿತು. 2025-26ಕ್ಕೆ ಅದು 5 ರೂ. 80 ಪೈಸೆಗೆ ಇಳಿಯಿತು. ಆದರೆ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ನೌಕರರ ಪಿಂಚಣಿಗೆಂದು ಯೂನಿಟ್‌ಗೆ 36 ಪೈಸೆ ಬೇರೆ ಬಿತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಕತೆ ಇದು. ಎಸಿ ಹಾಕಿದ ಬಂಗಲೆಗೂ ತಗಡಿನ ಮನೆಗೂ ಯೂನಿಟ್ ದರ ಒಂದೇ ಆಯಿತು.

ಒಂದು ಕಿಲೋವ್ಯಾಟ್ ಮಂಜೂರಾತಿಯ ಮನೆ 60 ಯೂನಿಟ್ ಸುಟ್ಟರೆ ಆ ವರ್ಷದ ದರದಲ್ಲಿ ತೆರಿಗೆ ಬಿಟ್ಟು 514 ರೂ. 60 ಪೈಸೆ. ಇಷ್ಟನ್ನೂ ಸರಕಾರವೇ ತುಂಬುವ ಗೃಹಜ್ಯೋತಿ 2023ರಲ್ಲಿ ಬಂದದ್ದರಿಂದ ಬಡಬಗ್ಗರು ಉಸಿರು ಬಿಟ್ಟಿದ್ದಾರೆ. ಇದನ್ನು ಒಪ್ಪಲೇಬೇಕು.

ಆದರೆ ಲೆಕ್ಕದಲ್ಲಿ ಒಂದು ಕೊಂಕು ಉಳಿದಿದೆ. ಗೃಹಜ್ಯೋತಿಯ ಮಿತಿ ಗೊತ್ತು ಮಾಡಿದ್ದು 2022-23ರ ಇಡೀ ವರ್ಷದ ಸರಾಸರಿಯ ಮೇಲೆ, ಅದಕ್ಕೆ ಶೇ. 10 ಕೂಡಿಸಿ. ಸರಾಸರಿ 60 ಇದ್ದ ಮನೆಗೆ 66 ಯೂನಿಟ್. ಚಳಿಗಾಲದಲ್ಲಿ ಆ ಮನೆ 45 ಸುಟ್ಟರೆ ಉಳಿದ 21 ಯೂನಿಟ್ ಲೆಕ್ಕಕ್ಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ಹಗಲು ರಾತ್ರಿ ಕೂಲರ್ ತಿರುಗಿ 110 ಯೂನಿಟ್ ಆದರೆ ಮೇಲಿನ 44ಕ್ಕೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿತೋ, ಪೂರ್ತಿ ಬಿಲ್ ತಲೆಯ ಮೇಲೆ! ಮಡಿಕೇರಿಗೂ ಮಸ್ಕಿಗೂ ಒಂದೇ ಪಟ್ಟಿ ಹಿಡಿದು ಅಳೆದರೆ ಹೇಗೆ? ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆ ಬೆಳಕು ಕೊಡುತ್ತಿರುವ ಜಿಲ್ಲೆ ಇದು. ಆ ಜಿಲ್ಲೆಯ ಮಂದಿ ಬೇಸಿಗೆಯಲ್ಲಿ ಫ್ಯಾನ್ ಹಾಕಲು ಮೀಟರ್ ಕಡೆ ನೋಡಬೇಕೇ?

ಕಡಿಮೆ ಸುಡುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಕೊಡಲು 2024ರ ಜನವರಿಯಲ್ಲಿ ಸರಕಾರವೇ ನಿಯಮ ತಿದ್ದಿತು. ಒಮ್ಮೆ ತಿದ್ದಿದ್ದನ್ನು ಇನ್ನೊಮ್ಮೆ ತಿದ್ದಬಹುದು. ವರ್ಷದ ಯೂನಿಟ್‌ಗಳನ್ನು ಒಟ್ಟುಗೂಡಿಸಿ, ಚಳಿಗಾಲದ ಉಳಿಕೆಯನ್ನು ಬೇಸಿಗೆಗೆ ವಜಾ ಹಾಕಿದರೆ ಈ ತಕರಾರೇ ಇರುವುದಿಲ್ಲ.

ಗ್ರಾಹಕರೂ ಕಣ್ಣು ಬಿಡಬೇಕು. ಬಿಲ್ಲಿನಲ್ಲಿ ಹಿಂದಿನ ಮತ್ತು ಈಗಿನ ರೀಡಿಂಗ್ ತಾರೀಖು ಇರುತ್ತದೆ. ನಡುವೆ 30 ದಿನವೋ 38 ದಿನವೋ ಎಣಿಸಬೇಕು. ತಡವಾಗಿ ಓದಿದರೆ ಯೂನಿಟ್ ಮಿತಿ ದಾಟಿದಂತೆ ಕಾಣುತ್ತದೆ. ಮಂಜೂರಾದ ಲೋಡ್ ಎಷ್ಟೆಂದು ನೋಡಬೇಕು. ಎರಡು ಬಲ್ಬು, ಒಂದು ಫ್ಯಾನಿನ ಮನೆಗೆ ಮೂರು ಕಿಲೋವ್ಯಾಟ್ ಇದ್ದರೆ ಇಳಿಸಲು ಜೆಸ್ಕಾಂಗೆ ಅರ್ಜಿ ಕೊಡಬಹುದು. ತಕರಾರಿದ್ದರೆ 1912ಕ್ಕೆ ಫೋನು. ರೀಡಿಂಗನ್ನು ನೋಟುಬುಕ್ಕಿನಲ್ಲಿ ಬರೆದಿಡುವುದು ಮೇಲು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ಎರಡು ಸಾವಿರ ವರ್ಷ ದಾಟಿದರೂ ಅಳಿಸಿಲ್ಲ. ಕರೆಂಟ್ ಬಿಲ್ಲಿನ ಅಕ್ಷರ ನಾಲ್ಕು ತಿಂಗಳಿಗೇ ಮಾಯ!

ಇನ್ನು ಗ್ಯಾಸು. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ ಮೇಲೆ ಮನೆ ಬಳಕೆಯ 14.2 ಕಿಲೋ ಸಿಲಿಂಡರ್‌ಗೆ ಬೆಂಗಳೂರಿನಲ್ಲಿ 855 ರೂ. 50 ಪೈಸೆ ಆಯಿತು. ಅದೇ ವರ್ಷ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಅಂದರೆ ಒಂದು ಸಿಲಿಂಡರ್‌ಗೆ ಎರಡು ದಿನದ ಕೂಲಿ ಸಾಲದು. ಉಜ್ವಲದವರಿಗೆ 300 ರೂಪಾಯಿ ಸಬ್ಸಿಡಿ ಉಂಟು ನಿಜ, ಆದರೆ ಪೂರ್ತಿ ರೊಕ್ಕ ಮೊದಲು ಕೈಯಿಂದ ಕೊಡಬೇಕು. ಸಬ್ಸಿಡಿ ಸಿಗುವ ಸಿಲಿಂಡರ್‌ಗಳ ಸಂಖ್ಯೆಯೂ 2025-26ರಲ್ಲಿ 12ರಿಂದ 9ಕ್ಕೆ ಇಳಿಯಿತು. ದಿನಾ ರೊಟ್ಟಿ ಬಡಿಯುವ ದೊಡ್ಡ ಸಂಸಾರಕ್ಕೆ ಒಂಬತ್ತು ಸಾಕೇ? ಕೂಲಿ ಸಿಗದ ತಿಂಗಳಲ್ಲಿ ಸಿಲಿಂಡರ್ ಮೂಲೆ ಸೇರಿ, ಹತ್ತಿ ಕಟ್ಟಿಗೆ, ಜಾಲಿ ಕಟ್ಟಿಗೆ ಮತ್ತೆ ಒಲೆಗೆ ಬರುತ್ತವೆ. ಹೊಗೆ ಕುಡಿಯುವವಳು ಮನೆಯ ಹೆಣ್ಣುಮಗಳು.

ಇದರ ಮೇಲೆ ಬಾಗಿಲಲ್ಲಿ ಸಿಲಿಂಡರ್ ಇಳಿಸಿದವನಿಗೆ ಮೂವತ್ತೋ ಐವತ್ತೋ ಕೊಡುವ ಪದ್ಧತಿ. ಏಜೆನ್ಸಿಯ ಸರಹದ್ದಿನೊಳಗೆ ಮನೆಗೆ ತಂದುಕೊಡುವ ಖರ್ಚು ಬಿಲ್ಲಿನ ದರದಲ್ಲೇ ಸೇರಿದೆ. ಖುಷಿಯಿಂದ ಕೊಟ್ಟರೆ ಅದು ಬೇರೆ ಮಾತು, ಕೇಳಿ ವಸೂಲು ಮಾಡಿದರೆ ತಪ್ಪು. ತೂಕ ಮಾಡಿ ಕೊಡಿರೆಂದು ಕೇಳುವುದೂ ಗ್ರಾಹಕರ ಹಕ್ಕು. ಸಿಲಿಂಡರ್ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕಿಲೋ ಕೂಡಿಸಿದರೆ ಲೆಕ್ಕ ತಾಳೆಯಾಗಬೇಕು.

ಒಟ್ಟಿನಲ್ಲಿ, ಸಣ್ಣ ಮನೆಗೆ ಕರೆಂಟಿನ ಭಾರ ಇಳಿದಿದೆ, ಬೇಸಿಗೆಯ ಲೆಕ್ಕ ಮಾತ್ರ ಸರಿಯಿಲ್ಲ. ಗ್ಯಾಸಿನ ದರ ಕೂಲಿಕಾರನ ಕೈಗೆ ಇಂದಿಗೂ ಭಾರವೇ. ದರ ಇಳಿಸುವುದು ದಿಲ್ಲಿ, ಬೆಂಗಳೂರಿನವರ ಕೆಲಸ. ಆದರೆ ಸರಿಯಾದ ತಾರೀಖಿಗೆ ಮೀಟರ್ ಓದಿಸುವುದು, ಬಾಗಿಲ ವಸೂಲಿ ನಿಲ್ಲಿಸುವುದು, ತೂಕದ ತಕ್ಕಡಿ ಕೊಡಿಸುವುದು ಮೂರೂ ತಾಲೂಕಿನ ಅಧಿಕಾರಿಗಳ ಕೈಯಲ್ಲೇ ಇದೆ. ಮುಂದಿನ ಬೇಸಿಗೆ ಬರುವ ಮುಂಚೆಯಾದರೂ ಅವರು ಇತ್ತ ಗಮನ ಹರಿಸುವರೇ?